ನರಕ್ಕೆ ಕೊಡುವ ಔಷಧಿ: ಕೋಲಾರದ ವಾರ್ಡುಗಳಲ್ಲಿ ಪದೇ ಪದೇ ಕೇಳುವ ಪ್ರಶ್ನೆಗಳು

ಕೋಲಾರ ಜಿಲ್ಲೆಯ ಆಸ್ಪತ್ರೆಗಳಲ್ಲಿ ಶುಶ್ರೂಷಾಧಿಕಾರಿಯಾಗಿ ದುಡಿಯುತ್ತಾ, ಜಿಎನ್‌ಎಂ (ನರ್ಸಿಂಗ್ ಡಿಪ್ಲೊಮಾ) ಓದುವ ಮಕ್ಕಳಿಗೆ ವಾರ್ಡಿನಲ್ಲೇ ಪಾಠ ಹೇಳುತ್ತಾ ಬಂದವಳು ನಾನು. ಹಾಸಿಗೆ ಪಕ್ಕ ಕೂತ ಮನೆಯವರು ಕೇಳಿದ್ದು, ವಿದ್ಯಾರ್ಥಿನಿಯರು ಚೀಟಿಯಲ್ಲಿ ಬರೆದುಕೊಟ್ಟಿದ್ದು, ಹೊಸದಾಗಿ ಕೆಲಸಕ್ಕೆ ಸೇರಿದವರು ರಾತ್ರಿ ಪಾಳಿಯಲ್ಲಿ ಫೋನ್ ಮಾಡಿ ವಿಚಾರಿಸಿದ್ದು, ಎಲ್ಲವನ್ನೂ ಅವರವರ ಮಾತಿನಲ್ಲೇ ಇಲ್ಲಿ ಸೇರಿಸಿದ್ದೇನೆ. ಮೊದಲ ಭಾಗ ಎಲ್ಲರಿಗೂ ಸೇರಿದ್ದು. ಎರಡನೆಯದು ಓದುವ ಮಕ್ಕಳಿಗೆ, ಮೂರನೆಯದು ವಾರ್ಡಿನ ಜವಾಬ್ದಾರಿ ಹೊತ್ತವರಿಗೆ. ಇಲ್ಲಿ ಬರೆದ ಡೋಸುಗಳು ತಿಳಿವಳಿಕೆಗೆ ಮಾತ್ರ. ರೋಗಿಯ ಮುಂದೆ ನಿಂತಾಗ ವೈದ್ಯರು ಬರೆದ ಆದೇಶ, ಔಷಧಿ ಡಬ್ಬಿಯೊಳಗಿನ ಚೀಟಿ ಮತ್ತು ನಿಮ್ಮ ಆಸ್ಪತ್ರೆಯ ಪದ್ಧತಿಯನ್ನೇ ನೋಡಬೇಕು.

## ರೋಗಿಯ ಮನೆಯವರು ಕೇಳುವುದು

"ಮಾತ್ರೆ ಕೊಟ್ರೆ ಸಾಲ್ದಾ ಸಿಸ್ಟರಮ್ಮ, ನರಕ್ಕೇ ಯಾಕೆ ಹಾಕ್ಬೇಕು?"

ನಮ್ಮ ಕಡೆ 'ನರ' ಅಂದರೆ ರಕ್ತನಾಳ ಅಂತಲೇ ರೂಢಿ. ಸೂಜಿ ಹೋಗುವುದು ಚರ್ಮದಡಿ ನೀಲಿಯಾಗಿ ಕಾಣುವ ಅಭಿಧಮನಿಗೆ. ನುಂಗಿದ ಮಾತ್ರೆ ಹೊಟ್ಟೆ, ಕರುಳು, ಈಲಿ (ಲಿವರ್) ದಾಟಿ ರಕ್ತ ಸೇರಬೇಕು. ಅದಕ್ಕೆ ಹೊತ್ತು ಹಿಡಿಯುತ್ತದೆ, ದಾರಿಯಲ್ಲಿ ಒಂದಿಷ್ಟು ಪ್ರಮಾಣ ಕಳೆದೂ ಹೋಗುತ್ತದೆ. ರಕ್ತನಾಳಕ್ಕೆ ಕೊಟ್ಟದ್ದು ಪೂರ್ತಿಯಾಗಿ, ಒಂದೆರಡು ನಿಮಿಷದಲ್ಲಿ ಮೈಯೆಲ್ಲ ತಲುಪುತ್ತದೆ. ಒಂದೇ ಸಮನೆ ವಾಂತಿ ಆಗುವವರಿಗೆ, ಎಚ್ಚರ ತಪ್ಪಿದವರಿಗೆ, ಫಿಟ್ಸ್ ಬಂದವರಿಗೆ, ಸೋಂಕು ಜೋರಾಗಿ ಬಿಪಿ ಇಳಿದವರಿಗೆ ಕಾಯುವಷ್ಟು ಸಮಯ ಇರುವುದಿಲ್ಲ. ಅಮಿಕಾಸಿನ್‌ನಂಥ ಕೆಲವು ಔಷಧಿಗಳನ್ನು ಕರುಳು ಹೀರಿಕೊಳ್ಳುವುದೇ ಇಲ್ಲ.

ಬೇಗ ಕೆಲಸ ಮಾಡುವ ಈ ಗುಣವೇ ಅಪಾಯ ಕೂಡ. ರಕ್ತಕ್ಕೆ ಸೇರಿದ್ದನ್ನು ವಾಪಸ್ ಎಳೆದುಕೊಳ್ಳಲು ಬರುವುದಿಲ್ಲ. ಆದ್ದರಿಂದ ಊಟ ಹೊಟ್ಟೆಯಲ್ಲಿ ನಿಲ್ಲುವಂತಾದ ಮೇಲೆ ಡಾಕ್ಟರು ಇಂಜೆಕ್ಷನ್ ನಿಲ್ಲಿಸಿ ಮಾತ್ರೆ ಬರೆದರೆ 'ಸರಿಯಾಗಿ ನೋಡ್ತಿಲ್ಲ' ಅಂತ ಬೇಜಾರು ಮಾಡಿಕೊಳ್ಳಬೇಡಿ. ಮನೆಗೆ ಹೋಗುವ ದಿನ ಹತ್ತಿರ ಬಂತು ಅಂತ ಅದರ ಅರ್ಥ.

"ತುಂಬಾ ಸುಸ್ತು, ಒಂದು ಬಾಟ್ಲು ಗ್ಲೂಕೋಸ್ ಏರಿಸಿಬಿಡಿ, ಶಕ್ತಿ ಬರ್ತದೆ ಅಲ್ವಾ?"

500 ಎಂಎಲ್‌ನ ಶೇ. 5ರ ಗ್ಲೂಕೋಸ್ ಬಾಟಲಿಯಲ್ಲಿ ಇರುವುದು 25 ಗ್ರಾಂ ಸಕ್ಕರೆ. ಅದರಿಂದ ಸಿಗುವುದು ಹೆಚ್ಚೆಂದರೆ 100 ಕ್ಯಾಲರಿ. 100 ಗ್ರಾಂ ರಾಗಿ ಹಿಟ್ಟಿನ ಮುದ್ದೆಯಲ್ಲಿ 300ಕ್ಕೂ ಹೆಚ್ಚು ಕ್ಯಾಲರಿ ಇದೆ, ಜೊತೆಗೆ ಸುಣ್ಣದ ಅಂಶವೂ ಇದೆ. ಎಷ್ಟೋ ಸಲ ಹಾಕುವ ಬಾಟಲಿ ಗ್ಲೂಕೋಸೇ ಆಗಿರುವುದಿಲ್ಲ. ನಾರ್ಮಲ್ ಸಲೈನ್ ಅಂದರೆ ಬರೀ ಉಪ್ಪುನೀರು, ಅರ್ಧ ಲೀಟರಿನಲ್ಲಿ ನಾಲ್ಕೂವರೆ ಗ್ರಾಂ ಉಪ್ಪು. ಭೇದಿಯಿಂದ ಒಣಗಿದವರಿಗೆ ಅದು ಜೀವ ಉಳಿಸುತ್ತದೆ. ಹೃದಯ ದುರ್ಬಲ ಇರುವ ಅಜ್ಜನಿಗೆ, ಡಯಾಲಿಸಿಸ್‌ನಲ್ಲಿ ಇರುವವರಿಗೆ ಅದೇ ಬಾಟಲಿ ಶ್ವಾಸಕೋಶಕ್ಕೆ ನೀರು ತುಂಬಿಸಬಹುದು. ಸುಸ್ತಿಗೆ ಕಾರಣ ರಕ್ತಹೀನತೆಯೋ, ಸಕ್ಕರೆ ಕಾಯಿಲೆಯೋ, ಥೈರಾಯ್ಡೋ ನೋಡಿಸದೆ ಬಾಟಲಿ ಏರಿಸಿಕೊಂಡು ಹೋಗುವುದು ನನಗೆ ಬಹಳ ಸಂಕಟ ತರುವ ವಿಷಯ. ಕೂಲಿ ದುಡ್ಡು ಕೊಟ್ಟು ಉಪ್ಪುನೀರು ಕೊಂಡುಕೊಳ್ಳುತ್ತಾರೆ, ಕಾಯಿಲೆ ಅಲ್ಲೇ ಉಳಿಯುತ್ತದೆ. ಬಾಯಲ್ಲಿ ಕುಡಿಯಲು ಆಗುವವರಿಗೆ ಓಆರ್‌ಎಸ್ ಸಾಕು.

"ನಮ್ಮಮ್ಮನಿಗೆ ಮೂರು ಸಲ ಚುಚ್ಚಿದ್ರು, ಕಲೀತಿರೋರ ಕೈಗೆ ಕೊಟ್ರಾ?"

ನಿಮ್ಮ ಸಿಟ್ಟು ನ್ಯಾಯವಾದದ್ದೇ. ಒಬ್ಬರು ಎರಡು ಸಲಕ್ಕಿಂತ ಹೆಚ್ಚು ಪ್ರಯತ್ನಿಸಬಾರದು, ಸಿಗದಿದ್ದರೆ ಅನುಭವ ಇರುವವರನ್ನು ಕರೆಯಬೇಕು ಅನ್ನುವುದು ಒಳ್ಳೆಯ ವಾರ್ಡುಗಳ ನಿಯಮ. ನೀವೂ ಮರ್ಯಾದೆಯಿಂದ ಹಾಗೆ ಕೇಳಬಹುದು. ಆದರೆ ಎಲ್ಲ ಸಲವೂ ಅದು ಕೈಚಳಕದ ಕೊರತೆ ಅಲ್ಲ. ವಯಸ್ಸಾದವರ ರಕ್ತನಾಳ ಹಗ್ಗದ ಹಾಗೆ ಎದ್ದು ಕಾಣುತ್ತದೆ, ಸೂಜಿ ಮುಟ್ಟಿದರೆ ಜಾರುತ್ತದೆ, ಇಲ್ಲವೇ ಒಡೆಯುತ್ತದೆ. ನೀರಿನಂಶ ಕಡಿಮೆ ಆದವರಲ್ಲಿ ನಾಳ ಚಪ್ಪಟೆಯಾಗಿರುತ್ತದೆ. ಡಿಸೆಂಬರ್ ಚಳಿಯಲ್ಲಿ ತಣ್ಣಗಾದ ಕೈಯಲ್ಲಿ ಹುಡುಕುವುದು ಇನ್ನೂ ಕಷ್ಟ. ಕೈಯನ್ನು ಕೆಳಗೆ ಇಳಿಬಿಟ್ಟು, ಬೆಚ್ಚಗಿನ ಬಟ್ಟೆ ಸುತ್ತಿ ಐದು ನಿಮಿಷ ಬಿಟ್ಟರೆ ನಾಳ ಮೇಲೆ ಬರುತ್ತದೆ. ಆ ಐದು ನಿಮಿಷ ಕಾಯಲು ನಮಗೆ ನಿಮ್ಮ ಸಹನೆಯೂ ಬೇಕು.

ಡಯಾಲಿಸಿಸ್‌ಗೆ ಫಿಸ್ಟುಲಾ (ಎರಡು ರಕ್ತನಾಳ ಕೂಡಿಸಿದ ಜೋಡಣೆ) ಮಾಡಿರುವ ಕೈಗೆ ಡ್ರಿಪ್ ಹಾಕಲು ಯಾರು ಸೂಜಿ ತಂದರೂ ತಡೆಯಿರಿ. ಸ್ತನದ ಆಪರೇಷನ್ ಆದ ಕಡೆಯ ಕೈ ಇದ್ದರೆ ಚುಚ್ಚುವ ಮೊದಲೇ ಹೇಳಿ.

"ಬಾಟ್ಲು ಖಾಲಿಯಾಗಿ ಗಾಳಿ ಒಳಗೆ ಹೋದ್ರೆ ಜೀವ ಹೋಗ್ತದಾ?"

ರಾತ್ರಿಯೆಲ್ಲ ಕಣ್ಣು ಮುಚ್ಚದೆ ಬಾಟಲಿಯನ್ನೇ ನೋಡುತ್ತಾ ಕೂರುವ ತಾಯಂದಿರನ್ನು ಕಂಡಿದ್ದೇನೆ. ಕೈಗೆ ಹಾಕಿದ ಸಾಮಾನ್ಯ ಡ್ರಿಪ್ ಖಾಲಿಯಾದರೆ ಹನಿ ನಿಲ್ಲುತ್ತದೆ. ನಾಳದೊಳಗಿನ ಒತ್ತಡಕ್ಕೆ ರಕ್ತವೇ ಸ್ವಲ್ಪ ಹಿಂದಕ್ಕೆ ಬರುತ್ತದೆ, ಹೆಪ್ಪುಗಟ್ಟಿ ಸೂಜಿ ಕಟ್ಟಿಕೊಳ್ಳುತ್ತದೆ. ಟ್ಯೂಬಿನಲ್ಲಿ ಕಾಣುವ ಸಾಸಿವೆ ಗಾತ್ರದ ಗುಳ್ಳೆಗಳು ದೊಡ್ಡವರಲ್ಲಿ ಶ್ವಾಸಕೋಶ ತಲುಪಿ ಕರಗಿಹೋಗುತ್ತವೆ. ಅಪಾಯ ಇರುವುದು ಒಮ್ಮೆಲೇ ಹೆಚ್ಚು ಗಾಳಿ ನುಗ್ಗಿದಾಗ. ಕುತ್ತಿಗೆಗೆ ಹಾಕಿದ ಲೈನು ಬಿಚ್ಚಿಕೊಂಡರೆ, ಬಾಟಲಿಯನ್ನು ಹಿಂಡಿ ಏರಿಸಿದರೆ ಹಾಗಾಗಬಹುದು. ಎಳೆಗೂಸುಗಳಿಗೆ ಮತ್ತು ಹೃದಯದಲ್ಲಿ ರಂಧ್ರ ಇರುವವರಿಗೆ ಸಣ್ಣ ಗುಳ್ಳೆಯೂ ಬೇಡ. ಖಾಲಿಯಾಗುವ ಮೊದಲೇ ಕರೆಯಿರಿ, ಆದರೆ ಹೆದರಿಕೆಯಿಂದ ನೀವೇ ಸೂಜಿ ಕಿತ್ತುಹಾಕಬೇಡಿ.

"ಶ್ರೀನಿವಾಸಪುರದ ಕಡೇ ಬಸ್ಸು ಹೋಗ್ಬಿಡ್ತದೆ, ಸ್ವಲ್ಪ ಜೋರಾಗಿ ಬಿಟ್ಬಿಡಿ ಸಿಸ್ಟರ್"

ಇದಕ್ಕೆ ನನ್ನ ಉತ್ತರ ಯಾವತ್ತೂ ಇಲ್ಲ ಅಂತಲೇ. ಹನಿಯ ವೇಗ ಔಷಧಿಯ ಡೋಸಿನ ಒಂದು ಭಾಗ. ಗರ್ಭಿಣಿಯರಿಗೆ ಕೊಡುವ 200 ಎಂಜಿ ಐರನ್ ಸುಕ್ರೋಸನ್ನು 100 ಎಂಎಲ್ ಸಲೈನಿಗೆ ಬೆರೆಸಿದರೆ ಕನಿಷ್ಠ 15 ನಿಮಿಷವಾದರೂ ಹನಿಯಬೇಕು, ಮುಗಿದ ಮೇಲೆ ಅರ್ಧ ಗಂಟೆ ಕೂರಬೇಕು. ಅದನ್ನೇ ಐದು ನಿಮಿಷದಲ್ಲಿ ಬಿಟ್ಟರೆ ಬಿಪಿ ಇಳಿದು ತಲೆ ತಿರುಗಿ ಬೀಳಬಹುದು. ನಾವು ಆಚೆ ಹೋದಾಗ ಟ್ಯೂಬಿನ ಚಕ್ರ ತಿರುಗಿಸುವ ಅಣ್ಣಂದಿರು ಬೇಕಾದಷ್ಟು ಇದ್ದಾರೆ. ದಯವಿಟ್ಟು ಮುಟ್ಟಬೇಡಿ. ಆಸ್ಪತ್ರೆಗೆ ಬಂದ ತಕ್ಷಣವೇ ಬಸ್ಸಿನ ಸಮಯ ಹೇಳಿ, ಬೆಳಿಗ್ಗೆಯೇ ಶುರು ಮಾಡೋಣ.

"ಸೂಜಿ ಹಾಕಿದ ಕೈ ಊದ್ಕೊಂಡಿದೆ, ಇದೆಲ್ಲಾ ಇರೋದೇನಾ?"

ಇರೋದೇ ಅಂತ ಸುಮ್ಮನಿರಬೇಡಿ. ಊದಿ, ತಣ್ಣಗಾಗಿ, ಚರ್ಮ ಬಿಗಿದಿದ್ದರೆ ದ್ರವ ನಾಳದಿಂದಾಚೆ ಸೋರುತ್ತಿದೆ. ಕೆಂಪಾಗಿ, ಬಿಸಿಯಾಗಿ, ಮುಟ್ಟಿದರೆ ನೋವಾಗಿ, ಮೇಲಕ್ಕೆ ಗೆರೆ ಎಳೆದಂತೆ ಗಟ್ಟಿಯಾಗಿದ್ದರೆ ನಾಳಕ್ಕೇ ಉರಿಯೂತ ಬಂದಿದೆ. ಎರಡರಲ್ಲೂ ಡ್ರಿಪ್ ನಿಲ್ಲಿಸಬೇಕು, ಸೂಜಿ ತೆಗೆದು ಬೇರೆ ಜಾಗಕ್ಕೆ ಹಾಕಬೇಕು, ಕೈಯನ್ನು ದಿಂಬಿನ ಮೇಲೆ ಎತ್ತಿ ಇಡಬೇಕು. ಕೆಲವು ಔಷಧಿಗಳು ಸೋರಿದರೆ ಮಾಂಸವೇ ಕೊಳೆಯುತ್ತದೆ, ಆದ್ದರಿಂದ ಉರಿ ಅಂತ ರೋಗಿ ಹೇಳಿದ ಮೊದಲ ಮಾತಿಗೇ ಓಡಿ ಬಂದು ಕರೆಯಿರಿ.

## ನರ್ಸಿಂಗ್ ಓದುವ ಮಕ್ಕಳು ಕೇಳುವುದು

"ಮೇಡಂ, ಪಿಂಕ್, ಗ್ರೀನ್, ಬ್ಲೂ, ಯಾರಿಗೆ ಯಾವ ವೆನ್‌ಫ್ಲಾನ್ ಹಾಕ್ಬೇಕು?"

ವೆನ್‌ಫ್ಲಾನ್ ಅಂದರೆ ನಾಳದೊಳಗೆ ಉಳಿಯುವ ಸಣ್ಣ ಪ್ಲಾಸ್ಟಿಕ್ ನಳಿಕೆ, ಬಣ್ಣ ಅದರ ಗಾತ್ರ ಹೇಳುತ್ತದೆ. ನಂಬರ್ ಹೆಚ್ಚಾದಷ್ಟೂ ಸೂಜಿ ಸಣ್ಣದು. ಕಿತ್ತಳೆ 14, ಬೂದು 16, ಹಸಿರು 18, ಗುಲಾಬಿ 20, ನೀಲಿ 22, ಹಳದಿ 24, ನೇರಳೆ 26. ಹೆದ್ದಾರಿ ಅಪಘಾತದಲ್ಲಿ ರಕ್ತ ಸೋರಿ ಬಂದವರಿಗೆ, ಹೆರಿಗೆಯ ನಂತರ ರಕ್ತಸ್ರಾವ ಆಗುತ್ತಿರುವವರಿಗೆ ಬೂದು ಅಥವಾ ಹಸಿರು, ಅದೂ ಎರಡು ಕೈಗೂ. ವಾರ್ಡಿನ ಸಾಮಾನ್ಯ ರೋಗಿಗೆ ಗುಲಾಬಿ. ಸಣ್ಣ ನಾಳದ ವೃದ್ಧರಿಗೆ ನೀಲಿ, ಮಕ್ಕಳಿಗೆ ಹಳದಿ, ಎಳೆಗೂಸಿಗೆ ನೇರಳೆ. ಕೆಲಸಕ್ಕೆ ಸಾಕಾಗುವಷ್ಟರಲ್ಲಿ ಚಿಕ್ಕದನ್ನು ಆರಿಸಿ. ನಾಳದ ಗೋಡೆಗೂ ಸೂಜಿಗೂ ನಡುವೆ ರಕ್ತ ಹರಿಯಲು ಜಾಗ ಇದ್ದರೆ ಔಷಧಿ ತೆಳುವಾಗಿ ಹೋಗುತ್ತದೆ, ಉರಿಯೂತ ಕಡಿಮೆ. ಮೊದಲು ಮುಂಗೈ ಕಡೆ ಹುಡುಕಿ, ಆಮೇಲೆ ಮೇಲಕ್ಕೆ ಹೋಗಿ. ಮೇಲೆ ಚುಚ್ಚಿ ಕೆಟ್ಟ ನಾಳದ ಕೆಳಗೆ ಮತ್ತೆ ಹಾಕಿದರೆ ಔಷಧಿ ಆ ತೂತಿನಿಂದಲೇ ಸೋರುತ್ತದೆ.

"ಸ್ಪಿರಿಟ್ ಹತ್ತಿ ಸವರಿದ ತಕ್ಷಣ ಚುಚ್ಚಬಹುದಾ?"

ಒಣಗುವವರೆಗೆ ಕಾಯಬೇಕು. ಕ್ರಿಮಿ ಸಾಯುವುದು ಸ್ಪಿರಿಟ್ ಚರ್ಮದ ಮೇಲೆ ಇದ್ದು ಆರುವ ಹೊತ್ತಿನಲ್ಲಿ. ಒದ್ದೆ ಇರುವಾಗಲೇ ಚುಚ್ಚಿದರೆ ಉರಿಯೂ ಜಾಸ್ತಿ. ಬಾಯಿಂದ ಊದಿ ಒಣಗಿಸುವುದನ್ನು ಯಾರಾದರೂ ಮಾಡುತ್ತಿದ್ದರೆ ಇವತ್ತೇ ಬಿಡಿ.

ನಮ್ಮ ಕಡೆಯ ಒಂದು ಮಾತು ಇಲ್ಲಿ ಹೇಳಲೇಬೇಕು. ಟೊಮೇಟೊ ಬಿಡಿಸಿ ನೇರ ತೋಟದಿಂದ ಬಂದವರ ಕೈ ನೋಡಿದ್ದೀರಾ? ಗಿಡದ ಸೊನೆ ಅಂಟಿ ಬೆರಳುಗಳು ಹಸಿರುಗಪ್ಪಾಗಿರುತ್ತವೆ. ಅದರ ಮೇಲೆ ಸ್ಪಿರಿಟ್ ಹತ್ತಿ ಎಳೆದರೆ ಹತ್ತಿ ಕಪ್ಪಾಗುತ್ತದೆಯೇ ಹೊರತು ಚರ್ಮ ಶುದ್ಧವಾಗುವುದಿಲ್ಲ. ಮೊದಲು ಸೋಪು ನೀರಿನಿಂದ ಮುಂಗೈ ಪೂರ್ತಿ ತೊಳೆದು, ಒರೆಸಿ, ಆಮೇಲೆ ಸ್ಪಿರಿಟ್ ಹಚ್ಚಿ. ಹೀಗೆ ಕೈ ತೊಳೆಸುವಾಗ ಆ ತಾಯಿಯ ಮುಖ ಸಡಿಲಾಗುತ್ತದೆ. ಸೂಜಿಯ ಭಯ ಅಲ್ಲೇ ಅರ್ಧ ಇಳಿದಿರುತ್ತದೆ.

ಔಷಧಿ ಕೊಡುವ ಪ್ರತಿ ಸಲವೂ ವೆನ್‌ಫ್ಲಾನಿನ ಬಾಯಿಯನ್ನು ಸ್ಪಿರಿಟ್ ಹತ್ತಿಯಿಂದ 15 ಸೆಕೆಂಡು ಉಜ್ಜಿ ಒಣಗಲು ಬಿಡಿ. ರಕ್ತಕ್ಕೆ ಸೋಂಕು ಹೋಗುವ ದೊಡ್ಡ ದಾರಿ ಅದೇ.

"ಕೇಸ್ ಶೀಟ್ ನೋಡಿರ್ತೀವಲ್ಲ, ಮತ್ತೆ ಮತ್ತೆ ಹೆಸರು ಕೇಳೋದು ಯಾಕೆ?"

ಕೋಲಾರದ ಯಾವ ಹೆಂಗಸರ ವಾರ್ಡಿಗೆ ಹೋದರೂ ಇಬ್ಬರು ಮುನಿಯಮ್ಮ, ಇಬ್ಬರು ವೆಂಕಟಮ್ಮ ಇರುತ್ತಾರೆ. 'ಮುನಿಯಮ್ಮ ಅಂದ್ರೆ ನೀವೇನಾ?' ಅಂತ ಕೇಳಿದರೆ ಜ್ವರದ ಮಂಪರಿನಲ್ಲಿ ಯಾರಾದರೂ 'ಹೂಂ' ಅಂದುಬಿಡುತ್ತಾರೆ. ಕೇಳಬೇಕಾದದ್ದು 'ನಿಮ್ಮ ಹೆಸರೇನಮ್ಮ?' ಅಂತ. ಮುಳಬಾಗಿಲು, ಶ್ರೀನಿವಾಸಪುರದ ಕಡೆಯವರಾದರೆ ತೆಲುಗಿನಲ್ಲೇ 'ಮೀ ಪೇರೇಂದಮ್ಮಾ?' ಅನ್ನಿ. ಜೊತೆಗೆ ಗಂಡನ ಹೆಸರೋ ಊರೋ ಕೇಳಿ, ಐಪಿ ನಂಬರನ್ನು (ಒಳರೋಗಿಯ ದಾಖಲಾತಿ ಸಂಖ್ಯೆ) ಕೈಪಟ್ಟಿಯ ಜೊತೆ ತಾಳೆ ನೋಡಿ. ಹಾಸಿಗೆ ನಂಬರ್ ನಂಬಬೇಡಿ, ಫ್ಯಾನಿನ ಕೆಳಗೆ ಮಲಗಬೇಕು ಅಂತ ಮಂಚ ಬದಲಾಯಿಸಿಕೊಂಡಿರುತ್ತಾರೆ. ಸರಿಯಾದ ರೋಗಿ, ಔಷಧಿ, ಡೋಸು, ದಾರಿ, ಸಮಯ ಅಂತ ಪುಸ್ತಕದಲ್ಲಿ ಓದುವ ಐದರಲ್ಲಿ ಮೊದಲನೆಯದು ತಪ್ಪಿದರೆ ಮಿಕ್ಕ ನಾಲ್ಕು ಸರಿಯಿದ್ದೂ ಉಪಯೋಗವಿಲ್ಲ. ಅಲರ್ಜಿ ಇದೆಯಾ ಅಂತ ಕೇಳುವುದೂ ಇದೇ ಹೊತ್ತಿನಲ್ಲಿ.

"ಹನಿ ಲೆಕ್ಕ ಪರೀಕ್ಷೇಲಿ ಬರುತ್ತೆ, ವಾರ್ಡಲ್ಲಿ ಮರೆತುಹೋಗುತ್ತೆ. ಸುಲಭವಾಗಿ ಹೇಳಿ"

ಒಟ್ಟು ಎಂಎಲ್ ಅನ್ನು ಸೆಟ್ಟಿನ ಹನಿ ಸಂಖ್ಯೆಯಿಂದ ಗುಣಿಸಿ, ನಿಮಿಷಗಳಿಂದ ಭಾಗಿಸಿ. ನಮ್ಮಲ್ಲಿ ಸಾಮಾನ್ಯ ಐವಿ ಸೆಟ್ಟಿಗೆ ಒಂದು ಎಂಎಲ್‌ಗೆ 20 ಹನಿ, ಮೈಕ್ರೋ ಸೆಟ್ಟಿಗೆ 60. ಸೆಟ್ಟಿನ ಕವರಿನ ಮೇಲೆ ಅಚ್ಚಾಗಿರುತ್ತದೆ, ನೋಡದೆ ಹರಿದು ಬಿಸಾಡಬೇಡಿ. 500 ಎಂಎಲ್ ನಾಲ್ಕು ಗಂಟೆಯಲ್ಲಿ ಹೋಗಬೇಕಾದರೆ 500ನ್ನು 20ರಿಂದ ಗುಣಿಸಿ 240ರಿಂದ ಭಾಗಿಸಿದಾಗ ನಿಮಿಷಕ್ಕೆ ಸುಮಾರು 42 ಹನಿ. ಮೈಕ್ರೋ ಸೆಟ್ಟಿಗೆ ಲೆಕ್ಕವೇ ಬೇಡ, ಗಂಟೆಗೆ ಎಷ್ಟು ಎಂಎಲ್ಲೋ ನಿಮಿಷಕ್ಕೆ ಅಷ್ಟೇ ಹನಿ. ಗಡಿಯಾರ ಹಿಡಿದು ಪೂರ್ತಿ ಒಂದು ನಿಮಿಷ ಎಣಿಸಿ. ರೋಗಿ ಕೈ ಮಡಚಿದರೂ, ಮಗ್ಗುಲು ಬದಲಿಸಿದರೂ ವೇಗ ಬದಲಾಗುತ್ತದೆ. ಬಾಟಲಿಗೆ ಪ್ಲಾಸ್ಟರ್ ಪಟ್ಟಿ ಅಂಟಿಸಿ ಯಾವ ಗಂಟೆಗೆ ಎಲ್ಲಿಯವರೆಗೆ ಇಳಿಯಬೇಕು ಅಂತ ಗುರುತು ಹಾಕಿದರೆ ದೂರದಿಂದಲೇ ತಿಳಿಯುತ್ತದೆ.

"ಮಗುವಿಗೆ 600 ಎಂಜಿ ಬರ್ದಿದ್ದಾರೆ, ವಯಲ್‌ನಲ್ಲಿ ಒಂದು ಗ್ರಾಂ ಇದೆ, ಎಷ್ಟು ಎಳೀಬೇಕು?"

12 ಕೆಜಿ ಮಗು, ಸೋಂಕಿಗೆ ಕೊಡುವ ಸೆಫ್‌ಟ್ರಯಾಕ್ಸೋನ್ ಕೆಜಿಗೆ 50 ಎಂಜಿ ಅಂದರೆ 600 ಎಂಜಿ, ಆದೇಶ ಸರಿಯಿದೆ. ಹೀಗೆ ತೂಕದಿಂದ ಮೊದಲು ತಾಳೆ ನೋಡಿ. ವಯಲ್ (ರಬ್ಬರ್ ಮುಚ್ಚಳದ ಪುಟ್ಟ ಸೀಸೆ) ಒಳಗಿನ ಒಂದು ಗ್ರಾಂ ಪುಡಿಯನ್ನು ಕರಗಿಸಿ ಒಟ್ಟು 10 ಎಂಎಲ್ ಮಾಡಿದರೆ ಒಂದು ಎಂಎಲ್‌ಗೆ 100 ಎಂಜಿ, ಎಳೆಯಬೇಕಾದದ್ದು 6 ಎಂಎಲ್. ಮಕ್ಕಳಲ್ಲಿ ದಶಮಾಂಶದ ಚುಕ್ಕಿ ಒಂದು ಮನೆ ಸರಿದರೆ ಹತ್ತು ಪಟ್ಟು ಔಷಧಿ. ನೀವು ಮಾಡಿದ ಲೆಕ್ಕವನ್ನು ಇನ್ನೊಬ್ಬರು ನಿಮ್ಮ ಉತ್ತರ ನೋಡದೆ ಬೇರೆಯಾಗಿ ಮಾಡಲಿ. ತೂಕವನ್ನು ಅಂದಾಜಿನಲ್ಲಿ ಬರೆಯಬೇಡಿ, ತಕ್ಕಡಿ ಮೇಲೆ ಮಲಗಿಸಿಯೇ ನೋಡಿ.

ಕೆಲವು ಡಬ್ಬಿಗಳಲ್ಲಿ ಮಾಂಸಖಂಡಕ್ಕೆ ಕೊಡುವಾಗ ನೋವಾಗದಿರಲೆಂದು ಮರಗಟ್ಟಿಸುವ ಲಿಗ್ನೋಕೇನ್ ಇರುವ ದ್ರವ ಜೊತೆಗೆ ಬರುತ್ತದೆ. ಅದರಲ್ಲಿ ಕರಗಿಸಿದ್ದನ್ನು ರಕ್ತನಾಳಕ್ಕೆ ಯಾವ ಕಾರಣಕ್ಕೂ ಕೊಡಬಾರದು.

"ಔಷಧಿ ಕೊಟ್ಟಾಯ್ತು, ಮತ್ತೆ ಸಲೈನ್ ತಳ್ಳೋದು ಯಾತಕ್ಕೆ?"

ಮೊದಲು ತಳ್ಳುವುದು ವೆನ್‌ಫ್ಲಾನ್ ನಾಳದಲ್ಲೇ ಇದೆಯಾ ಅಂತ ತಿಳಿಯಲು. ಆಮೇಲೆ ತಳ್ಳುವುದು ಟ್ಯೂಬಿನಲ್ಲಿ ಉಳಿದ ಔಷಧಿಯೂ ಒಳಗೆ ಹೋಗಲಿ, ಮುಂದಿನ ಔಷಧಿ ಅದಕ್ಕೆ ತಾಗದಿರಲಿ ಅಂತ. 5 ಎಂಎಲ್ ಸಾಕು, ಔಷಧಿ ಕೊಟ್ಟ ವೇಗದಲ್ಲೇ. ಗಟ್ಟಿ ಅನ್ನಿಸಿದರೆ ಒತ್ತಬೇಡಿ. ಅಲ್ಲಿ ಕೂತಿರುವುದು ಹೆಪ್ಪು, ಒತ್ತಿದರೆ ಅದು ಹೃದಯದ ಕಡೆ ಹೊರಡುತ್ತದೆ.

## ವಾರ್ಡು ನೋಡಿಕೊಳ್ಳುವವರು ಕೇಳುವುದು

"ಎರಡು ಇಂಜೆಕ್ಷನ್ ಒಂದೇ ಸಿರಿಂಜಿಗೆ ಎಳ್ಕೊಂಡ್ರೆ ರೋಗಿಗೂ ಸುಲಭ, ನಮಗೂ ಸುಲಭ ಅಲ್ವಾ?"

ಬೇಡ. ಫಿಟ್ಸ್ ತಡೆಯಲು ಕೊಡುವ ಫೆನಿಟೋಯಿನ್ ಅನ್ನು ಗ್ಲೂಕೋಸ್ ಬಾಟಲಿಗೆ ಹಾಕಿ ನೋಡಿದರೆ ಹಾಲೊಡೆದ ಹಾಗೆ ಮಬ್ಬಾಗಿ ಹರಳು ಕಟ್ಟುತ್ತದೆ. ಅದಕ್ಕೆ ನಾರ್ಮಲ್ ಸಲೈನ್ ಒಂದೇ ಜೊತೆ. ಸೆಫ್‌ಟ್ರಯಾಕ್ಸೋನ್ ಮತ್ತು ಆರ್‌ಎಲ್ (ರಿಂಗರ್ ಲ್ಯಾಕ್ಟೇಟ್ ಡ್ರಿಪ್) ಒಂದೇ ಲೈನಿನಲ್ಲಿ ಕೂಡಿ ಹರಿಯಬಾರದು, ಆರ್‌ಎಲ್‌ನಲ್ಲಿರುವ ಕ್ಯಾಲ್ಸಿಯಂ ಜೊತೆ ಸೇರಿ ಗಟ್ಟಿಯಾಗುತ್ತದೆ. ನವಜಾತ ಶಿಶುಗಳಲ್ಲಿ ಇದರಿಂದ ಸಾವುಗಳಾಗಿವೆ. ಕ್ಯಾಲ್ಸಿಯಂ ಇರುವ ದ್ರವ ಹೋಗುತ್ತಿರುವ ಎಳೆಗೂಸಿಗೆ ಬೇರೆ ಲೈನಿನಲ್ಲೂ ಕೊಡುವಂತಿಲ್ಲ. ದೊಡ್ಡವರಲ್ಲಿ ಒಂದನ್ನು ನಿಲ್ಲಿಸಿ, ಸಲೈನಿನಿಂದ ತೊಳೆದು ಇನ್ನೊಂದು ಕೊಡಬಹುದು. ಕಣ್ಣಿಗೆ ಕಾಣುವ ಮಬ್ಬು ಒಂದು ಕಡೆ, ಬಣ್ಣ ಬದಲಾಗದೆ ಔಷಧಿಯ ಶಕ್ತಿ ಕೆಡುವುದು ಇನ್ನೊಂದು ಕಡೆ. ಎರಡನೆಯದನ್ನು ಯಾವ ಕಣ್ಣೂ ಹಿಡಿಯಲಾರದು.

ಎಳೆದ ಸಿರಿಂಜಿಗೆ ಆಗಲೇ ಹೆಸರು ಅಂಟಿಸಿ. ಟ್ರೇಯಲ್ಲಿ ಹೆಸರಿಲ್ಲದೆ ಮಲಗಿದ ಎರಡು ಸಿರಿಂಜಿನಲ್ಲೂ ನೀರಿನಂಥ ದ್ರವವೇ ಇರುತ್ತದೆ. ಯಾವುದು ಅಂತ ಅನುಮಾನ ಬಂದರೆ ಎರಡನ್ನೂ ಎಸೆಯಿರಿ.

"ಯಾವ ಇಂಜೆಕ್ಷನ್ ಎಷ್ಟು ನಿಧಾನ ಕೊಡ್ಬೇಕು ಅಂತ ಬಾಯಿಪಾಠ ಮಾಡೋಕೆ ಆಗಲ್ಲ"

ಬಾಯಿಪಾಠ ಬೇಡ, ಔಷಧಿ ಕಪಾಟಿನ ಬಾಗಿಲ ಒಳಗೆ ಪಟ್ಟಿ ಬರೆದು ಅಂಟಿಸಿ. ನಮ್ಮ ವಾರ್ಡುಗಳಲ್ಲಿ ದಿನವೂ ಕೈಗೆ ಬರುವ ಕೆಲವನ್ನು ಹೇಳುತ್ತೇನೆ. ಪ್ಯಾಂಟೊಪ್ರಜೋಲ್ 40 ಎಂಜಿಯನ್ನು 10 ಎಂಎಲ್ ಸಲೈನಿನಲ್ಲಿ ಕರಗಿಸಿ ಕನಿಷ್ಠ ಎರಡು ನಿಮಿಷ. ಪ್ಯಾರಸಿಟಮಾಲ್ 100 ಎಂಎಲ್ ಬಾಟಲಿ 15 ನಿಮಿಷ. ವ್ಯಾಂಕೋಮೈಸಿನ್ ಒಂದು ಗ್ರಾಂಗೆ ಕನಿಷ್ಠ ಒಂದೂಮುಕ್ಕಾಲು ಗಂಟೆ ಇಟ್ಟುಕೊಂಡರೆ ನಿಮಿಷಕ್ಕೆ 10 ಎಂಜಿ ದಾಟುವುದಿಲ್ಲ. ಬೇಗ ಬಿಟ್ಟರೆ ಕುತ್ತಿಗೆ, ಎದೆಯೆಲ್ಲ ಕೆಂಪೇರಿ ತುರಿಸುತ್ತದೆ. ಫ್ರುಸೆಮೈಡ್ ದೊಡ್ಡ ಡೋಸನ್ನು ನಿಮಿಷಕ್ಕೆ 4 ಎಂಜಿಗಿಂತ ಜೋರಾಗಿ ಕೊಟ್ಟರೆ ಕಿವಿ ಮೊರೆಯುತ್ತದೆ, ಕೇಳಿಸುವುದೇ ಕಡಿಮೆಯಾಗಬಹುದು. ಫೆನಿಟೋಯಿನ್ ದೊಡ್ಡವರಿಗೆ ನಿಮಿಷಕ್ಕೆ 50 ಎಂಜಿ ಮೀರಿದರೆ ಬಿಪಿ ಇಳಿಯುತ್ತದೆ, ಹೃದಯದ ತಾಳ ತಪ್ಪುತ್ತದೆ.

ಎರಡು ನಿಮಿಷ ಎಷ್ಟು ಉದ್ದ ಅಂತ ಗಡಿಯಾರ ನೋಡದವರಿಗೆ ಗೊತ್ತಿಲ್ಲ. 'ನಿಮ್ಮ ಮನಸ್ಸಿನಲ್ಲೇ ಎಣಿಸಿ ತಳ್ಳಿ' ಅಂತ ನಾನು ವಿದ್ಯಾರ್ಥಿನಿಯರಿಗೆ ಹೇಳಿ ನೋಡಿದ್ದೇನೆ. ಹೆಚ್ಚಿನವರದ್ದು 30 ಸೆಕೆಂಡಿಗೆ ಮುಗಿದಿರುತ್ತದೆ.

"ಸ್ಕಿನ್ ಟೆಸ್ಟ್ ನೆಗೆಟಿವ್ ಇತ್ತು, ಆದ್ರೂ ರಿಯಾಕ್ಷನ್ ಆಯ್ತು. ಮೊದಲು ಏನು ಕೊಡ್ಬೇಕು?"

ಟೆಸ್ಟ್ ನೆಗೆಟಿವ್ ಬಂದರೆ ಭರವಸೆ ಸಿಕ್ಕಿತು ಅಂತಲ್ಲ. ಔಷಧಿ ಒಳಗೆ ಹೋಗುತ್ತಿರುವಾಗ ಮುಖ ಊದುವುದು, ಮೈ ದದ್ದೇಳುವುದು, ಉಬ್ಬಸ, ಧ್ವನಿ ಒಡೆಯುವುದು, ಬಿಪಿ ಬೀಳುವುದು ಕಂಡರೆ ಮೊದಲು ಔಷಧಿ ನಿಲ್ಲಿಸಿ. ವೆನ್‌ಫ್ಲಾನ್ ತೆಗೆಯಬೇಡಿ. ಸಹಾಯಕ್ಕೆ ಕೂಗಿ. ತಕ್ಷಣ ಅಡ್ರಿನಲಿನ್, ತೊಡೆಯ ಹೊರಭಾಗದ ಮಾಂಸಖಂಡಕ್ಕೆ. ದೊಡ್ಡವರಿಗೆ ಒಂದು ಎಂಎಲ್‌ಗೆ ಒಂದು ಎಂಜಿ ಇರುವ ಆಂಪ್ಯೂಲ್‌ನಿಂದ (ಕತ್ತು ಮುರಿದು ಬಳಸುವ ಪುಟ್ಟ ಸೀಸೆ) ಅರ್ಧ ಎಂಎಲ್. ಐದು ನಿಮಿಷಕ್ಕೆ ಸುಧಾರಿಸದಿದ್ದರೆ ಮತ್ತೊಮ್ಮೆ. ಮಲಗಿಸಿ ಕಾಲು ಎತ್ತಿ ಇಡಿ, ಆಕ್ಸಿಜನ್ ಹಾಕಿ, ಸಲೈನ್ ಜೋರಾಗಿ ಬಿಡಿ. ಉಸಿರು ಕಟ್ಟುತ್ತಿದ್ದರೆ ಕೂರಿಸಬಹುದು, ಎದ್ದು ನಡೆಸಬಾರದು.

ಎಷ್ಟೋ ಕಡೆ ಕೈ ಮೊದಲು ಹೋಗುವುದು ಏವಿಲ್, ಹೈಡ್ರೋಕಾರ್ಟಿಸೋನ್ ಕಡೆ. ಅವು ತುರಿಕೆಗೆ, ಆಮೇಲಿನ ಹೊತ್ತಿಗೆ. ಉಸಿರಿನ ದಾರಿ ತೆರೆದು ಬಿಪಿ ಎತ್ತುವುದು ಅಡ್ರಿನಲಿನ್ ಮಾತ್ರ. ಅದೇ ಆಂಪ್ಯೂಲನ್ನು ಹಾಗೇ ರಕ್ತನಾಳಕ್ಕೆ ತಳ್ಳಿದರೆ ಹೃದಯಕ್ಕೆ ಪೆಟ್ಟು, ಗಾಬರಿಯಲ್ಲಿ ಇದನ್ನು ಮರೆಯಬೇಡಿ. ಎಲ್ಲ ಶಾಂತವಾದ ಮೇಲೆ 1800-180-3024ಕ್ಕೆ ಕರೆ ಮಾಡಿ ಅಡ್ಡಪರಿಣಾಮ ದಾಖಲಿಸಿ, ಅದು ಔಷಧ ಸುರಕ್ಷತೆಯ ರಾಷ್ಟ್ರೀಯ ಉಚಿತ ಸಂಖ್ಯೆ.

"ಪೊಟ್ಯಾಸಿಯಂ ಕಮ್ಮಿ ಇದೆ, ಒಂದು ಆಂಪ್ಯೂಲ್ ಕೆಸಿಎಲ್ ಕೊಡಿ ಅಂತ ಫೋನಲ್ಲಿ ಹೇಳಿದ್ರು. ಹೇಗೆ ಕೊಡೋದು?"

ಕೆಸಿಎಲ್ ಅಂದರೆ ಪೊಟ್ಯಾಸಿಯಂ ಕ್ಲೋರೈಡ್, ನೇರ ತಳ್ಳಿದರೆ ಹೃದಯ ನಿಲ್ಲುತ್ತದೆ. 10 ಎಂಎಲ್ ಆಂಪ್ಯೂಲ್‌ನಲ್ಲಿ 20 ಮಿಲಿಈಕ್ವಿವಲೆಂಟ್ ಪೊಟ್ಯಾಸಿಯಂ ಇದೆ. ಕೈ ನಾಳಕ್ಕೆ ಅದನ್ನು ಕನಿಷ್ಠ 500 ಎಂಎಲ್ ಬಾಟಲಿಗೆ ಬೆರೆಸಿ, ಬಾಟಲಿಯನ್ನು ಹತ್ತು ಸಲ ತಲೆಕೆಳಗು ಮಾಡಿ ಚೆನ್ನಾಗಿ ಕಲೆಸಿ, ಎರಡು ಗಂಟೆಗಿಂತ ಮೊದಲು ಮುಗಿಯದಂತೆ ಬಿಡಬೇಕು. ಕಲೆಸದೆ ತೂಗುಹಾಕಿದರೆ ಭಾರದ ಪೊಟ್ಯಾಸಿಯಂ ಬಾಟಲಿಯ ತಳಕ್ಕಿಳಿದು ಮೊದಲೇ ಹರಿದುಬರುತ್ತದೆ. ಮೂತ್ರ ಹೋಗುತ್ತಿದೆಯಾ ಅಂತ ನೋಡದೆ ಶುರು ಮಾಡಬೇಡಿ. ಕೆಸಿಎಲ್ ಆಂಪ್ಯೂಲ್‌ಗಳನ್ನು ಸ್ಟೆರೈಲ್ ವಾಟರ್ ಇರುವ ಡಬ್ಬಿಯ ಪಕ್ಕ ಇಡಲೇಬೇಡಿ, ಬೇರೆ ಬೀಗದಲ್ಲಿ ಕೆಂಪು ಚೀಟಿ ಅಂಟಿಸಿ ಇಡಿ.

ಫೋನಿನ ಆದೇಶವನ್ನು ತುರ್ತಿನಲ್ಲಿ ಮಾತ್ರ ತೆಗೆದುಕೊಳ್ಳಿ. ಬರೆದುಕೊಂಡು, ಅವರಿಗೇ ಓದಿ ಹೇಳಿ, ಹೌದು ಅನ್ನಿಸಿಕೊಳ್ಳಿ. 'ಒಂದು ಆಂಪ್ಯೂಲ್' ಅನ್ನುವುದು ಡೋಸಲ್ಲ. 'ಸರ್, ಎಷ್ಟು ಎಂಎಲ್‌ನಲ್ಲಿ ಬೆರೆಸಿ, ಎಷ್ಟು ಗಂಟೆಯಲ್ಲಿ ಬಿಡಲಿ?' ಅಂತ ಕೇಳುವುದು ನಿಮ್ಮ ಹಕ್ಕು.

"ಬಸುರಿಗೆ ಫಿಟ್ಸ್ ಬಂತು, ಮೆಗ್ನೀಷಿಯಂ ಶುರು ಮಾಡಿದ್ವಿ. ಮುಂದಿನ ಡೋಸಿಗೆ ಮುಂಚೆ ಏನು ನೋಡ್ಬೇಕು?"

ಮೆಗ್ನೀಷಿಯಂ ಮೈಯಲ್ಲಿ ಹೆಚ್ಚಾಗಿಲ್ಲ ಅಂತ ತಿಳಿಯಲು ಮೂರು ನೋಡಬೇಕು. ಮಂಡಿಯ ಕೆಳಗೆ ತಟ್ಟಿದರೆ ಕಾಲು ಒದೆಯುತ್ತದಾ, ನಿಮಿಷಕ್ಕೆ ಉಸಿರು 16ಕ್ಕಿಂತ ಕಡಿಮೆ ಇಲ್ಲ ತಾನೇ, ಗಂಟೆಗೆ ಕನಿಷ್ಠ 30 ಎಂಎಲ್ ಮೂತ್ರ ಬಂದಿದೆಯಾ. ಒಂದು ತಪ್ಪಿದರೂ ಡೋಸು ತಡೆದು ಡಾಕ್ಟರನ್ನು ಕರೆಯಿರಿ. ಶೇ. 10ರ ಕ್ಯಾಲ್ಸಿಯಂ ಗ್ಲೂಕೊನೇಟ್ 10 ಎಂಎಲ್ ಮೆಗ್ನೀಷಿಯಂಗೆ ಪ್ರತಿವಿಷ, ತಲೆದೆಸೆಯಲ್ಲೇ ಇರಲಿ, ಕೊಡುವಾಗ ನಿಧಾನ.

"ಹಾವು ಕಚ್ಚಿದೆ, ಎಎಸ್‌ವಿ ಟೆಸ್ಟ್ ಡೋಸ್ ಹಾಕ್ಬೇಕಾ? ಮಗುವಿಗೆ ಅರ್ಧ ಸಾಕಾ?"

ಎಎಸ್‌ವಿ ಅಂದರೆ ಹಾವಿನ ವಿಷಕ್ಕೆ ಕೊಡುವ ಪ್ರತಿವಿಷ. ಎರಡು ಪ್ರಶ್ನೆಗೂ ನನ್ನ ಉತ್ತರ ಇಲ್ಲ ಅಂತಲೇ. ಟೆಸ್ಟ್ ಡೋಸು ರಿಯಾಕ್ಷನ್ ಆಗುತ್ತದೋ ಇಲ್ಲವೋ ಹೇಳುವುದಿಲ್ಲ, ಸಮಯ ತಿನ್ನುತ್ತದೆ. ಹಾವು ಮಗುವಿಗೆ ಅಂತ ವಿಷ ಕಡಿಮೆ ಬಿಟ್ಟಿರುವುದಿಲ್ಲ, ಆದ್ದರಿಂದ ವಯಲುಗಳೂ ಅಷ್ಟೇ, ಬೆರೆಸುವ ಸಲೈನ್ ಮಾತ್ರ ತೂಕಕ್ಕೆ ತಕ್ಕಂತೆ ಕಡಿಮೆ. ವಿಷ ಏರಿದ ಲಕ್ಷಣ ಇದ್ದರೆ ಸಾಮಾನ್ಯವಾಗಿ 10 ವಯಲ್, ಒಂದು ಗಂಟೆಯಲ್ಲಿ. ವಯಲ್ ಅನ್ನು ಜೋರಾಗಿ ಕುಲುಕಿದರೆ ನೊರೆ ಏಳುತ್ತದೆ, ಅಂಗೈಗಳ ನಡುವೆ ಮೆಲ್ಲಗೆ ಹೊರಳಿಸಿ. ಅಡ್ರಿನಲಿನ್ ಎಳೆದಿಟ್ಟುಕೊಂಡೇ ಶುರು ಮಾಡಿ, ಮೊದಲ ಅರ್ಧ ಗಂಟೆ ಹಾಸಿಗೆ ಬಿಟ್ಟು ಕದಲಬೇಡಿ. ರಕ್ತ ಹೆಪ್ಪುಗಟ್ಟುವ ಪರೀಕ್ಷೆಗೆ ಒಣಗಿದ, ಸೋಪು ತಾಗದ ಗಾಜಿನ ಟ್ಯೂಬ್ ಬೇಕು. 2 ಎಂಎಲ್ ರಕ್ತ ಹಾಕಿ 20 ನಿಮಿಷ ಅಲುಗಾಡಿಸದೆ ಇಡಿ. 2024ರಿಂದ ಕರ್ನಾಟಕದಲ್ಲಿ ಹಾವು ಕಡಿತವನ್ನು ಸರ್ಕಾರಕ್ಕೆ ವರದಿ ಮಾಡುವುದು ಕಡ್ಡಾಯ, ದಾಖಲಾತಿ ಮರೆಯಬೇಡಿ.

"ನಾರಡ್ರಿನಲಿನ್ ಹೋಗ್ತಿದ್ದ ಕೈ ಬೆಳ್ಳಗಾಗಿದೆ, ವೆನ್‌ಫ್ಲಾನ್ ಕಿತ್ತುಬಿಡ್ಲಾ?"

ನಾರಡ್ರಿನಲಿನ್ ನಾಳ ಬಿಗಿದು ಬಿಪಿ ಎತ್ತುವ ಔಷಧಿ, ಅದು ಆಚೆ ಸೋರಿದೆ. ಕೂಡಲೇ ಕೀಳಬೇಡಿ. ಮೊದಲು ಔಷಧಿಯನ್ನು ಬೇರೆ ಲೈನಿಗೆ ಬದಲಾಯಿಸಿ, ಇಲ್ಲವಾದರೆ ಬಿಪಿ ಕುಸಿಯುತ್ತದೆ. ಕೆಟ್ಟ ವೆನ್‌ಫ್ಲಾನ್‌ನಿಂದ ಎಷ್ಟು ಬರುತ್ತದೋ ಅಷ್ಟು ಹಿಂದಕ್ಕೆ ಎಳೆದು, ಬಿಳಿಚಿದ ಜಾಗದ ಸುತ್ತ ಪೆನ್ನಿನಲ್ಲಿ ಗೆರೆ ಹಾಕಿ, ಡಾಕ್ಟರನ್ನು ಕರೆಯಿರಿ. ಬಿಗಿದ ನಾಳ ಸಡಿಲಿಸುವ ಫೆಂಟೊಲಮಿನ್ ಸಿಕ್ಕರೆ ಅಲ್ಲಿಗೆ ಚುಚ್ಚುತ್ತಾರೆ. ಐಸ್ ಇಡಬೇಡಿ, ಮೊದಲೇ ಬಿಗಿದ ನಾಳ ಇನ್ನೂ ಬಿಗಿಯುತ್ತದೆ. ಇಂಥ ಔಷಧಿಗೆ ಕುತ್ತಿಗೆಯ ಲೈನ್ ಸಿಗುವವರೆಗೆ ಮೊಣಕೈ ಮೇಲಿನ ದೊಡ್ಡ ನಾಳವನ್ನೇ ಹುಡುಕಿ.

"ಬಳಸಿದ ಸೂಜಿ ಬೆರಳಿಗೆ ಚುಚ್ಚಿತು. ಯಾರಿಗೂ ಹೇಳದೆ ಇದ್ದುಬಿಡ್ಲಾ?"

ತಂಗಿ, ಹೇಳು. ಬೆರಳು ಹಿಂಡಬೇಡ, ಹರಿಯುವ ನೀರಿನಲ್ಲಿ ಸೋಪು ಹಾಕಿ ತೊಳೆ. ಎಚ್‌ಐವಿ ತಡೆಯುವ ಮಾತ್ರೆ ಎರಡು ಗಂಟೆಯೊಳಗೆ ಶುರುವಾದರೆ ಉತ್ತಮ, 72 ಗಂಟೆ ದಾಟಿದರೆ ಪ್ರಯೋಜನವಿಲ್ಲ, 28 ದಿನ ನುಂಗಬೇಕು. ಹೆಪಟೈಟಿಸ್ ಬಿ ಲಸಿಕೆಯ ಮೂರೂ ಡೋಸು ಆಗಿದೆಯಾ ನೋಡಿಕೋ. ಸೂಜಿಗೆ ಮತ್ತೆ ಮುಚ್ಚಳ ಹಾಕಲು ಹೋಗಿಯೇ ಹೆಚ್ಚು ಚುಚ್ಚಿಕೊಳ್ಳುವುದು. ಬಿಳಿ ಡಬ್ಬಿಯನ್ನು ಹಾಸಿಗೆ ಹತ್ತಿರಕ್ಕೇ ಒಯ್ದರೆ ಮುಚ್ಚಳ ಹಾಕುವ ಪ್ರಮೇಯವೇ ಬರುವುದಿಲ್ಲ.

"ಔಷಧಿ ಕೊಡೋದ್ರಲ್ಲಿ ತಪ್ಪಾಯ್ತು, ರೋಗಿಗೆ ಏನೂ ಆಗಿಲ್ಲ. ಬರೀಬೇಕಾ?"

ಬರೆಯಬೇಕು, ಡಾಕ್ಟರಿಗೆ ಹೇಳಬೇಕು, ಮನೆಯವರಿಗೂ ತಿಳಿಸಬೇಕು. ನಾನು ಕೆಲಸಕ್ಕೆ ಸೇರಿದ ಮೊದಲ ವರ್ಷ, ಬೇರೊಂದು ಆಸ್ಪತ್ರೆಯಲ್ಲಿ, ವಾಂತಿಗೆ ಬರೆದಿದ್ದ ಮೆಟೊಕ್ಲೊಪ್ರಮೈಡ್ 10 ಎಂಜಿಯನ್ನು ಒಂದೇ ಉಸಿರಿಗೆ ತಳ್ಳಿದೆ. ಹೊರಗೆ ಇನ್ನೂ ಎಂಟು ಜನಕ್ಕೆ ಇಂಜೆಕ್ಷನ್ ಬಾಕಿ ಇತ್ತು. ಆಂಪ್ಯೂಲ್ ಇನ್ನೂ ಟ್ರೇಯಲ್ಲಿತ್ತು, ಆ ತಾಯಿ ಎದ್ದು ಕೂತರು. ಸೆರಗು ಹಿಂಡುತ್ತಾ, ಕಾಲು ಆಡಿಸುತ್ತಾ, 'ನನ್ನ ಬಿಟ್ಬಿಡಮ್ಮ, ನಾನು ಓಡಿಹೋಗ್ಬೇಕು' ಅಂತ ಮಂಚದಿಂದ ಇಳಿಯಲು ಹೊರಟರು. ಅವರಿಗೆ ಹುಚ್ಚು ಹಿಡಿಯಿತೇನೋ ಅಂತ ಮಗ ಅಳತೊಡಗಿದ. ಈ ಔಷಧಿಯನ್ನು ಬೇಗ ಕೊಟ್ಟರೆ ಹೀಗೆ ವಿಪರೀತ ಚಡಪಡಿಕೆ ಬರುತ್ತದೆ, ಎರಡು ಮೂರು ನಿಮಿಷ ತೆಗೆದುಕೊಂಡು ಕೊಡಬೇಕಿತ್ತು. ಹಿರಿಯ ಸಿಸ್ಟರ್ ನನ್ನನ್ನು ಬೈಯಲಿಲ್ಲ. ಡಾಕ್ಟರಿಗೆ ಹೇಳಿಸಿದರು, ಆ ತಾಯಿಯ ಪಕ್ಕ ಕೂತು ಕೈ ಹಿಡಿದುಕೊಂಡರು, ನನ್ನಿಂದಲೇ ಕೇಸ್ ಶೀಟಿನಲ್ಲಿ ಬರೆಸಿದರು. ಚಡಪಡಿಕೆ ಇಳಿಯಲು ಮುಕ್ಕಾಲು ಗಂಟೆ ಹಿಡಿಯಿತು.

ಬೆಳಿಗ್ಗೆ ಮಗನಿಗೆ ನಡೆದದ್ದನ್ನು ಹೇಳಿದೆ, ಕ್ಷಮೆ ಕೇಳಿದೆ. ಆತ ಸ್ವಲ್ಪ ಹೊತ್ತು ಸುಮ್ಮನಿದ್ದು, 'ಮುಂದೆ ಯಾವ ಆಸ್ಪತ್ರೆಗೆ ಹೋದ್ರೂ ಇದನ್ನ ಹೇಳ್ಬೇಕಲ್ಲ ಅಕ್ಕ, ಹೆಸರು ಬರ್ದುಕೊಡಿ' ಅಂದ. ಔಷಧಿಯ ಹೆಸರನ್ನು ಕನ್ನಡದಲ್ಲಿ ದಪ್ಪಕ್ಷರದಲ್ಲಿ ಬರೆದು, ಕೆಳಗೆ 'ನಿಧಾನವಾಗಿ ಕೊಡಿ' ಅಂತ ಸೇರಿಸಿದೆ. ಆತ ಅದನ್ನು ಮಡಚಿ ಪಡಿತರ ಚೀಟಿಯ ಪ್ಲಾಸ್ಟಿಕ್ ಕವರಿನೊಳಗೆ ಇಟ್ಟುಕೊಂಡ.